ಎತ್ತಿನ ಬಾನಿಯಲ್ಲಿ ಕಾರವಾರದ ಮೀನು

ಹೋದ ವರ್ಷ ತಮ್ಮನ ಮಗಳ ನಿಶ್ಚಯಕ್ಕೆಂದು ಬೈಲಹೊಂಗಲಕ್ಕೆ ಹೋಗಿದ್ದೆ. ಬೀಗರ ಮನೆಯಲ್ಲಿ ಊಟಕ್ಕೆ ಕೂಡುವ ಹೊತ್ತಿಗೆ ಒಳಗೆ ಯಾರೋ ಮಾವಿನ ಮಿಡಿಯ ಭರಣಿಯ ಬಾಯಿಬಟ್ಟೆ ಬಿಚ್ಚಿದರು. ಉಪ್ಪುನೀರಿನ ಆ ವಾಸನೆ ಪಡಸಾಲೆಯವರೆಗೆ ಬಂದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕುಳಿತ ಬೀಗಿತ್ತಿ ಏನಾಯಿತೆಂದು ಕೇಳಿದರು. ನಿಮ್ಮ ಊರಿನಲ್ಲಿ ನಾನು ಒಂದು ಬೇಸಿಗೆ ಸಮುದ್ರ ಸಾಕಿದ್ದೆ, ಅದು ನೆನಪಾಯಿತು ಎಂದೆ. ಅವರು ಹೂಂ ಹೂಂ ಎಂದು ತಲೆಯಾಡಿಸಿ ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದರು. ವಯಸ್ಸಾದವರು ಏನಾದರೂ ಅಂದರೆ ಜನ ಮಾಡುವುದೇ ಹಾಗೆ. ನನಗೆ ಒಳಗೊಳಗೇ ಸಿಟ್ಟು ಬಂತು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಾನು ಆ ಊರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಹುಟ್ಟಿದ್ದು ಚಚಡಿಯ ಒಕ್ಕಲುತನದ ಮನೆಯಲ್ಲಿ, ಓದಿದ್ದು ಧಾರವಾಡದಲ್ಲಿ. ನಮ್ಮ ಮನೆಯಲ್ಲಿ ಯಾರಾದರೂ ಮೀನಿನ ಹೆಸರೆತ್ತಿದರೆ ಅಜ್ಜಿ ಎದ್ದುಹೋಗಿ ಬಾಯಿ ಮುಕ್ಕಳಿಸುತ್ತಿದ್ದಳು. ಅಂಥ ಮನೆಯ ಹುಡುಗಿ ಮೀನಿನ ಕಿವಿರು ಕೊಯ್ದು ಪಾಠ ಹೇಳುತ್ತಾಳೆ ಎಂದು ಊರಿನಲ್ಲಿ ಆಡಿಕೊಳ್ಳುವವರು ಆಡಿಕೊಂಡರು. ಅಪ್ಪ ಮಾತ್ರ ಯಾರು ಕೇಳಿದರೂ, ನಮ್ಮ ಸರೋಜಾ ಡಾಕ್ಟರಕಿಗಿಂತ ಒಂದು ಕೈ ಮ್ಯಾಲೆ ಎನ್ನುತ್ತಿದ್ದ. ಯಾವ ಲೆಕ್ಕದಲ್ಲಿ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಮ್ಮ ವಿಭಾಗದ ಖೋಲಿಯಲ್ಲಿ ಒಂದು ದೊಡ್ಡ ಗಾಜಿನ ತೊಟ್ಟಿ ಇತ್ತು. ನನಗಿಂತ ಹಿಂದೆ ವಿಭಾಗ ನೋಡಿಕೊಳ್ಳುತ್ತಿದ್ದ ಹಿರಿಯರು ಅದನ್ನು ಕಟ್ಟಿಸಿದ್ದರು. ಕರಾವಳಿಯಿಂದ ಹಂಚು ತರುವ ಲಾರಿಯವರನ್ನು ಕಾಡಿ ಬೇಡಿ, ಡ್ರಮ್ಮುಗಳಲ್ಲಿ ಸಮುದ್ರದ ನೀರನ್ನೇ ತರಿಸಿ ತುಂಬಿಸಿದ್ದರು. ಸುತ್ತಲಿನ ಜನಕ್ಕೆ ಮಲಪ್ರಭೆಯ ಅಣೆಕಟ್ಟಿನ ಹಿನ್ನೀರೇ ಸಮುದ್ರವಾಗಿದ್ದ ಕಾಲ. ರಾಮದುರ್ಗದಿಂದ, ಕಿತ್ತೂರಿನಿಂದ ಜನ ಬಸ್ ಹಿಡಿದು ಆ ತೊಟ್ಟಿ ನೋಡಲು ಬರುತ್ತಿದ್ದರು. ಮುನವಳ್ಳಿಯ ಅಡತಿ ವ್ಯಾಪಾರಿಯೊಬ್ಬರು ಮನೆಮಂದಿಯನ್ನೆಲ್ಲ ಕರೆತಂದು, ತೊಟ್ಟಿಯಲ್ಲಿ ಬೆರಳದ್ದಿ ನೆಕ್ಕಿ, ಹೌದು ಖರೇನ ಸಮುದ್ರ ಐತಿ ಎಂದು ಒಪ್ಪಿಗೆ ಕೊಟ್ಟು ಹೋಗಿದ್ದರು.

ಆ ಸಮುದ್ರಕ್ಕೆ ಕೇಡು ಬಂದದ್ದು ಎರಡನೆಯ ಸಲ ಮೀನು ತಂದಾಗ. ಕಾರವಾರದಿಂದ ಬಂದ ಹೊಸ ಮೀನುಗಳನ್ನು ಕ್ಯಾನಿನಿಂದ ಸೀದಾ ತೊಟ್ಟಿಗೆ ಸುರಿದರು. ವಾರ ಕಳೆಯುವುದರೊಳಗೆ ಹೊಸವುಗಳ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿಯ ಕಾಳು ಕಂಡವು, ಆಮೇಲೆ ಹಳೆಯವುಗಳ ಮೇಲೂ. ದಿನಾ ಬೆಳಿಗ್ಗೆ ಹೋಗಿ ಸತ್ತದ್ದನ್ನು ಎತ್ತಿ ಹಾಕುವುದೇ ಕೆಲಸವಾಯಿತು. ಕೊನೆಗೆ ಉಳಿದದ್ದು ಒಂದೇ ಒಂದು, ಅಂಗೈಯಗಲದ ಚಪ್ಪಟೆ ಮೀನು, ಮೈತುಂಬ ಕರಿ ಮಚ್ಚೆ. ಮಚ್ಚೆಯ ಎತ್ತಿಗೆ ನಮ್ಮ ಕಡೆ ಹಂಡ ಎನ್ನುತ್ತಾರೆ. ವಿದ್ಯಾರ್ಥಿಗಳು ಅದಕ್ಕೆ ಹಂಡ್ಯಾ ಎಂದು ಹೆಸರಿಟ್ಟರು. ಆ ದುಃಖದಲ್ಲಿಯೇ ಹಿರಿಯರು ನಿವೃತ್ತರಾದರು. ತೊಟ್ಟಿಯೂ ಹಂಡ್ಯಾನೂ ನನ್ನ ಪಾಲಿಗೆ ಬಂದವು.

ಅದೇ ಹೊತ್ತಿಗೆ ಕಾಲೇಜಿಗೆ ಟೈಪಿಂಗ್ ಮಷೀನುಗಳು ಬರುವುದಿತ್ತು. ವಾಣಿಜ್ಯ ವಿಭಾಗದವರ ಕಣ್ಣು ನಮ್ಮ ಖೋಲಿಯ ಮೇಲೆ ಬಿತ್ತು. ಒಂದು ಮೀನಿಗೆ ಒಂದು ಖೋಲಿ ಯಾವ ನ್ಯಾಯ ಎಂದು ಅವರು ಸ್ಟಾಫ್ ರೂಮಿನಲ್ಲಿ ಕೇಳುತ್ತಿದ್ದರು, ನನಗೆ ಕೇಳಿಸುವಂತೆ. ಸಂಕ್ರಾಂತಿ ಮುಗಿದ ಮೇಲೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಕೆಟ್ಟ ಮನುಷ್ಯರಲ್ಲ, ಆದರೆ ಯಾರು ಕೊನೆಗೆ ಮಾತಾಡಿದರೋ ಅವರ ಮಾತೇ ಅವರಿಗೆ ಸರಿ ಎನಿಸುತ್ತಿತ್ತು.

"ನೋಡ್ರಿ ಮೇಡಂ, ಗ್ಯಾದರಿಂಗ್ ದಿವಸ ತೊಟ್ಟ್ಯಾಗ ಮೀನ ಆಡತಿರಬೇಕು," ಎಂದರು. "ಒಂದs ಮೀನ ಇಟಗೊಂಡು ಪ್ರದರ್ಶನ ಅಂದ್ರ ನಗತಾರ. ಇಲ್ಲಂದ್ರ ಖೋಲಿ ಬಿಟ್ಟಕೊಡ್ರಿ, ತೊಟ್ಟಿ ಮಾರಿಬಿಡೂಣು."

ಗ್ಯಾದರಿಂಗ್ ಎಂದರೆ ಕಾಲೇಜಿನ ವರ್ಷದ ಸಮಾರಂಭ, ಪರೀಕ್ಷೆಗೆ ಮುಂಚೆ, ಶಿವರಾತ್ರಿಯಾದ ಮೇಲೆ. ಆಗಲಿ ಎಂದು ಬಂದೆ. ಆಗಲಿ ಎನ್ನುವುದು ಸುಲಭ. ಹೊಸ ಮೀನು ತರಬೇಕು, ಅವೂ ಬದುಕಬೇಕು, ಹಂಡ್ಯಾನೂ ಬದುಕಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಬೈಲಹೊಂಗಲದಲ್ಲಿ ಸಮುದ್ರ ಇರುವುದಿಲ್ಲ.

ಕಾರವಾರದಲ್ಲಿ ನನ್ನ ಸಹಪಾಠಿ ವಿಮಲಾ ಇದ್ದಳು. ಕಡಲ ಮೀನನ್ನೇ ಓದಿಕೊಂಡವಳು. ಅವಳಿಗೆ ಕಾಗದ ಬರೆದೆ. ಮೀನು ಹಿಡಿಸಿಕೊಡುತ್ತೇನೆ, ಆದರೆ ತಂದವುಗಳನ್ನು ದೊಡ್ಡ ತೊಟ್ಟಿಯ ಹತ್ತಿರಕ್ಕೂ ಒಯ್ಯಬೇಡ ಎಂದು ಉತ್ತರ ಬಂತು. ಬೇರೆ ಜಾಗದಲ್ಲಿ, ಬೇರೆ ಪಾತ್ರೆಯಲ್ಲಿ, ಅದೇ ಉಪ್ಪುನೀರಿನಲ್ಲಿ ವಾರಗಟ್ಟಲೆ ಇಟ್ಟು ನೋಡು. ಒಳಗೆ ರೋಗವಿದ್ದರೆ ಅಲ್ಲೇ ಹೊರಬೀಳುತ್ತದೆ. ಪಾತ್ರೆ ತಾಮ್ರ ಹಿತ್ತಾಳೆಯದು ಬೇಡ. ಇದನ್ನು ಓದಿ ನನಗೆ ಎಷ್ಟು ಖುಷಿಯಾಯಿತೆಂದರೆ, ಇಷ್ಟೇ ತಾನೇ ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಚಚಡಿಯಲ್ಲಿ ಹುಟ್ಟಿದವಳಿಗೆ ಇದನ್ನು ಹೇಳಿಕೊಡಬೇಕೆ? ಸಂತೆಯಲ್ಲಿ ಕೊಂಡ ಎತ್ತನ್ನು ನಮ್ಮಲ್ಲಿ ಬಂದ ದಿನವೇ ದನದ ಮನೆಗೆ ಹೊಗಿಸುವುದಿಲ್ಲ. ಹೊರಗೆ ಬೇವಿನ ಗಿಡಕ್ಕೆ ಕಟ್ಟುತ್ತೇವೆ. ಅದರ ಹಗ್ಗ ಬೇರೆ, ಮೇವಿನ ಬುಟ್ಟಿ ಬೇರೆ, ನೀರು ಕುಡಿಯುವ ಕಲ್ಲಿನ ಬಾನಿಯೂ ಬೇರೆ. ಕಾಲುಬೇನೆ ಬಾಯಿಬೇನೆ ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಒಳಗಿನ ಜೋಡಿಯ ಪಕ್ಕ ನಿಲ್ಲಿಸುವುದು.

ಅಪ್ಪನಿಗೆ ಆ ಬಾನಿ ಕೊಡು ಎಂದೆ. ಎತ್ತಿನ ಬಾನಿಯಲ್ಲಿ ಮೀನೇ ಎಂದು ಅವನು ಕೇಳಿದ. ಮುಂದಿನ ವಾರ ಹತ್ತಿ ಮಾರಲು ಬಂದಾಗ ಚಕ್ಕಡಿಯಲ್ಲಿ ಹತ್ತಿಯ ಹಿಂದೆ ಬಾನಿಯನ್ನೂ ಹೇರಿಕೊಂಡು ಬಂದ. ನಾಲ್ಕು ಜನ ಸೇರಿ ಇಳಿಸಬೇಕಾಯಿತು.

ಇಳಿಸಿದ್ದು ನಾನು ಬಾಡಿಗೆಗಿದ್ದ ಮನೆಯ ಮುಂದೆ. ಮನೆಯ ಒಡತಿ ನೀಲವ್ವ, ಐವತ್ತು ದಾಟಿದವಳು, ಗಂಡ ಹುಬ್ಬಳ್ಳಿಯ ಗಿರಣಿ ಕೆಲಸಕ್ಕಿದ್ದುದರಿಂದ ಎರಡು ಕೂರಿಗೆ ಹೊಲವನ್ನು ತಾನೇ ನಿಂತು ಬಿತ್ತಿಸಿ ಬೆಳೆಸುವ ಗಟ್ಟಿ ಹೆಂಗಸು. ನಾನು ಅವಳನ್ನು ಅತ್ತಿ ಎಂದು ಕರೆಯುತ್ತಿದ್ದೆ. ಕೊರಳಲ್ಲಿ ಲಿಂಗ, ದಿನಕ್ಕೆರಡು ಸಲ ಪೂಜೆ, ಅಂಗಳದಲ್ಲಿ ತತ್ತಿಯ ಸಿಪ್ಪೆ ಬಿದ್ದರೂ ಓಣಿ ಒಂದು ಮಾಡುವ ಜಾತಿ. ಅವಳ ಮನೆಯಲ್ಲಿ ಮೀನು ಇಡಿಸಿಕೊಳ್ಳುವುದು ಪ್ರಿನ್ಸಿಪಾಲರ ಮುಂದೆ ಆಗಲಿ ಎಂದಷ್ಟು ಸುಲಭವಿರಲಿಲ್ಲ. ಬಾನಿ ಬೇಕಾದರೆ ಇರಲಿ, ಮೀನು ಬೇಡ ಎಂದಳು. ಇವು ತಿನ್ನುವ ಮೀನಲ್ಲ, ನೋಡುವ ಮೀನು, ಸಂತೆಯಿಂದ ಬಂದ ಹೊಸ ಎತ್ತು ಎಂದುಕೋ ಎಂದು ಹೇಳಿದೆ. ಕೊನೆಗೆ ಹೊರಗಿನ ಪಡಸಾಲೆಯ ಮೂಲೆ ತೋರಿಸಿ, ಮೀನು ಹೊಸ್ತಿಲು ದಾಟಬಾರದು, ತಾನು ಅವುಗಳ ಕಡೆ ನೋಡುವುದಿಲ್ಲ ಎಂದು ಎರಡು ಕರಾರು ಹಾಕಿದಳು. ಮೊದಲನೆಯದನ್ನು ನಾನು ಪಾಲಿಸಿದೆ.

ಕಾರವಾರಕ್ಕೆ ಹೋಗಿಬಂದೆ. ವಿಮಲಾ ಬಂಡೆಗಳ ನಡುವೆ ಹಿಡಿಸಿದ ಹಳದಿ ಮೈಯ, ಕರಿ ಪಟ್ಟೆಯ ಪುಟ್ಟ ಮೀನುಗಳು. ಹಾಲಿನ ಕ್ಯಾನನ್ನು ಕಾಲ ಸಂದಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಘಟ್ಟ ಹತ್ತಿದೆ. ಮೀನಿಗೆ ಗಾಳಿ ಸಿಗಬೇಕಲ್ಲ, ಹಾದಿಯುದ್ದಕ್ಕೂ ತಂಬಿಗೆಯಿಂದ ನೀರನ್ನು ಮೇಲೆತ್ತಿ ಮತ್ತೆ ಕ್ಯಾನಿಗೇ ಸುರಿಯುತ್ತಿದ್ದೆ. ಹುಬ್ಬಳ್ಳಿಯ ಹತ್ತಿರ ಪಕ್ಕದ ಸೀಟಿನ ಹೆಂಗಸು, ಇದೇನು ವ್ರತವೇ ಎಂದು ಕೇಳಿದಳು. ಹೌದು ಎಂದೆ. ಸಂಜೆ ಬೈಲಹೊಂಗಲದಲ್ಲಿ ಇಳಿದಾಗ ನನ್ನ ಸೀರೆ ಉಪ್ಪುನೀರಿನಲ್ಲಿ ನೆನೆದು ಒಣಗಿ ಹಪ್ಪಳದ ಹಾಗಾಗಿತ್ತು. ಕ್ಯಾನಿನೊಳಗೆ ಅಷ್ಟೂ ಮೀನು ಜೀವಂತವಿದ್ದವು. ಘಟ್ಟದ ಕೆಳಗಿನ ಮೀನನ್ನು ಹಾಗೆ ಕೂತ ಕಾಲಲ್ಲಿ ತಂದವರು ಆ ಸೀಮೆಯಲ್ಲಿ ಬೇರೆ ಯಾರಾದರೂ ಇದ್ದರೆ ಬಂದು ಹೇಳಲಿ.

ಹಂಚಿನ ಲಾರಿಯಲ್ಲಿ ಮೊದಲೇ ಬಂದ ಸಮುದ್ರದ ನೀರನ್ನು ಬಾನಿಯಲ್ಲಿ ತುಂಬಿಟ್ಟಿದ್ದೆ. ಕ್ಯಾನನ್ನು ಹಾಗೇ ಬಾನಿಯ ನೀರಿನಲ್ಲಿ ನಿಲ್ಲಿಸಿದೆ, ಎರಡೂ ನೀರು ಒಂದೇ ತಂಪಿಗೆ ಬರಲಿ ಎಂದು. ಆಮೇಲೆ ಬಾನಿಯ ನೀರನ್ನು ಒಂದೊಂದೇ ಬಟ್ಟಲು ಕ್ಯಾನಿಗೆ ಹಾಕುತ್ತ, ಸ್ವಲ್ಪ ತಡೆದು ಮತ್ತೊಂದು ಹಾಕುತ್ತ ಕುಳಿತೆ. ನೀಲವ್ವ ಬೆನ್ನು ತಿರುಗಿಸಿ ಜೋಳ ಹಸನು ಮಾಡುತ್ತಿದ್ದಳು. ಬೆನ್ನು ತಿರುಗಿಸಿದವಳಿಗೆ ಎಲ್ಲ ಕಾಣುತ್ತಿತ್ತು.

"ಬ್ಯಾಸರ ಇಲ್ಲೇನ ನಿನಗ? ಸೀದಾ ಸುರುವಬಾರದೇನು?"

"ಸೀದಾ ಸುರುವಿದ್ರ ಸಾಯತಾವ, ಅತ್ತಿ. ಆ ನೀರಿಗೂ ಈ ನೀರಿಗೂ ಫರಕ ಇರತೈತಿ. ಅವಕ್ಕ ಹೊಂದಿಕೊಳ್ಳಾಕ ಟೈಮ್ ಬೇಕು."

ಅವಳು ಮೊರ ಕೆಳಗಿಟ್ಟು ತಿರುಗಿದಳು. "ಅದs ಮತ್ತ. ಹೊಸಾ ಸೊಸೀನ ಬಂದ ದಿವಸ ಅಡಗಿಮನಿಗೆ ನೂಕತಾರೇನು?" ಎಂದು, ಎರಡನೆಯ ಕರಾರನ್ನು ತಾನೇ ಮುರಿದು, ಬಾನಿಯ ಹತ್ತಿರ ಬಂದು ಕುಳಿತಳು. ಮೀನುಗಳನ್ನು ತೆಳು ಬಟ್ಟೆಯಲ್ಲಿ ಎತ್ತಿ ಬಾನಿಗೆ ಬಿಟ್ಟು, ದಾರಿಯ ನೀರನ್ನು ಒಂದು ಹನಿಯೂ ಬೀಳದ ಹಾಗೆ ಹೊರಗೆ ಚೆಲ್ಲಿದೆ. ಬೆಕ್ಕು ಬಾರದಂತೆ ಮೇಲೆ ಜಾಳಿಗೆ ಹಾಸಿದವಳು ನೀಲವ್ವ.

ಅಲ್ಲಿಂದ ಕಾಯುವ ಕೆಲಸ. ಕರೆಂಟು ಹೇಳದೆ ಕೇಳದೆ ಹೋಗುತ್ತಿದ್ದ ಕಾಲ. ಸೈಕಲ್ ಅಂಗಡಿಯಿಂದ ಲಾರಿಯ ಹಳೆಯ ಟ್ಯೂಬು ತಂದು, ಗಾಳಿ ತುಂಬಿಸಿ, ಸಣ್ಣ ನಳಿಕೆಯಿಂದ ನೀರಿನೊಳಗೆ ಗುಳ್ಳೆ ಬಿಡಿಸುತ್ತಿದ್ದೆ. ಕೈ ಬಾನಿಗೆ ಹಾಕಿದರೆ ತೊಳೆದು ಒಣಗಿಸಿಯೇ ಕಾಲೇಜಿನ ತೊಟ್ಟಿ ಮುಟ್ಟುತ್ತಿದ್ದೆ. ನೀರಿನ ಉಪ್ಪು ಅಳೆಯುವ ಗಾಜಿನ ಸಾಧನ ಪ್ರಯೋಗಶಾಲೆಯಲ್ಲಿ ಎಂದೋ ಒಡೆದು ಹೋಗಿತ್ತು. ಆದರೆ ಬಸ್ ಸ್ಟ್ಯಾಂಡಿನ ಹತ್ತಿರದ ಚಹಾ ಹೋಟೆಲಿನ ಮಲ್ಲಪ್ಪಣ್ಣ ದಿನಾ ಬೆಳಿಗ್ಗೆ ಹಳ್ಳಿಯಿಂದ ಬಂದ ಹಾಲಿಗೆಲ್ಲ ಲ್ಯಾಕ್ಟೋಮೀಟರ್ ಬಿಡುತ್ತಿದ್ದುದನ್ನು ನೋಡಿದ್ದೆ. ಅದೂ ಅದೇ ಕೆಲಸ ಮಾಡುವ ಗಾಜಿನ ಬುರುಡೆ. ತೆಳುವಾದ ನೀರಿನಲ್ಲಿ ಮುಳುಗುತ್ತದೆ, ಗಟ್ಟಿ ಹಾಲಿನಲ್ಲಿ ತಲೆ ಎತ್ತಿ ನಿಲ್ಲುತ್ತದೆ. ಹಂಡ್ಯಾನ ತೊಟ್ಟಿಯ ನೀರನ್ನು ತಂಬಿಗೆಯಲ್ಲಿ ಒಯ್ದು ಅವನಿಂದಲೇ ಅಳೆಸಿದೆ. ಹಾಲಿನ ಗೆರೆ ಒಂದಿಷ್ಟೇ ಮುಳುಗಿ ನಿಂತಿತು.

"ಅಕ್ಕೋರ, ನಿಮ್ಮ ಸಮುದ್ರಕ್ಕ ಯಾರೋ ನೀರ ಬೆರಸ್ಯಾರ ನೋಡ್ರಿ," ಎಂದ. ಹೋಟೆಲೆಲ್ಲ ನಕ್ಕಿತು. ನಾನೂ ನಕ್ಕು, ಅವನ ಹತ್ತಿರವಿದ್ದ ಇನ್ನೊಂದು ಲ್ಯಾಕ್ಟೋಮೀಟರನ್ನು ಇಸಿದುಕೊಂಡು ಬಂದೆ. ತೊಟ್ಟಿಯ ನೀರು ಮುಟ್ಟಿದ ಗೆರೆಯ ಹತ್ತಿರ ಸಣ್ಣ ದಾರ ಕಟ್ಟಿದೆ. ಅಲ್ಲಿ ನಿಂತರೆ ಸಮುದ್ರ ಸರಿಯಾಗಿದೆ ಎಂದರ್ಥ. ಹಾಲಿನ ಸಾಧನದಿಂದ ಕಡಲನ್ನು ಅಳೆದದ್ದು ನನ್ನದೇ ತಲೆ. ಈಗಲೂ ಅದನ್ನು ಹೇಳುವಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಸ್ಟಾಫ್ ರೂಮಿನಲ್ಲಿ ಮೀನಿಗೂ ಬಾಣಂತನವೇ ಎಂದು ಕೇಳತೊಡಗಿದರು. ಮೀನು ಬಂದು ಎಷ್ಟು ದಿನವಾಯಿತು, ಇನ್ನೂ ತೊಟ್ಟಿಗೆ ಬಿಟ್ಟಿಲ್ಲವೇಕೆ ಎಂದು ಪ್ರಿನ್ಸಿಪಾಲರು ಹಾದಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. ಮೀನುಗಳು ಚೆನ್ನಾಗಿಯೇ ಇದ್ದವು. ನೀಲವ್ವನ ಬಳೆಯ ಸದ್ದು ಕೇಳಿದರೆ ಮೇಲೆ ಬರುತ್ತಿದ್ದವು. ಅವುಗಳ ಮುಂದೆ ಕುಳಿತು ಅವಳು ಹತ್ತಿಯ ಧಾರಣೆಯಿಂದ ಹಿಡಿದು ಮೈದುನನ ಹೆಂಡತಿಯ ನಡತೆಯವರೆಗೆ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದಳು.

ಶಿವರಾತ್ರಿ ಕಳೆದದ್ದೇ ಬಿಸಿಲು ಏರಿತು. ಎರೆಹೊಲಗಳ ಮೇಲಿಂದ ಬರುವ ಒಣಗಾಳಿಗೆ ತೊಳೆದು ಹಾಕಿದ ಸೀರೆ ನೋಡನೋಡುತ್ತ ಒಣಗುತ್ತಿತ್ತು. ಕಾಲೇಜಿನ ತೊಟ್ಟಿಯ ನೀರು ದಿನಾ ಇಳಿಯುತ್ತಿತ್ತು, ನಾನು ಕುದಿಸಿ ಆರಿಸಿದ ಸಿಹಿನೀರು ಹಾಕಿ ಸರಿದೂಗಿಸುತ್ತಿದ್ದೆ. ಬಾನಿಯ ನೀರು ಮಾತ್ರ ಇಳಿಯುತ್ತಲೇ ಇರಲಿಲ್ಲ. ನೆರಳಿನ ಮೂಲೆ, ಕಲ್ಲಿನ ತಂಪು, ಎಂಥ ಜಾಗ ಆರಿಸಿದೆ ಎಂದು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಇಳಿಯದ ನೀರನ್ನು ಅಳೆಯುವುದೇಕೆ ಎಂದು ಅದಕ್ಕೆ ಲ್ಯಾಕ್ಟೋಮೀಟರನ್ನೂ ಬಿಡಲಿಲ್ಲ.

ಗ್ಯಾದರಿಂಗಿಗೆ ವಾರವಿದೆ ಎನ್ನುವಾಗ ಮೀನುಗಳು ಮಂಕಾದವು. ಬಳೆಯ ಸದ್ದಿಗೆ ಬರಲಿಲ್ಲ, ಹಾಕಿದ ಆಹಾರ ಹಾಗೇ ತಳಕ್ಕೆ ಕುಳಿತಿತು. ಕಿವಿರು ಬೇಗ ಬೇಗ ಬಡಿಯುತ್ತಿದ್ದವು. ರೋಗವೇ ಬಂತು ಎಂದುಕೊಂಡೆ. ವಿಮಲಾ ಮೈಲುತುತ್ತದ ಒಂದು ಪೊಟ್ಟಣ ಕೊಟ್ಟಿದ್ದಳು. ಕಾಲುಬೇನೆಯ ದನದ ಗೊರಸಿಗೆ ಹಾಕುವ ಅದೇ ನೀಲಿ ಹರಳು. ಬಿಳಿ ಕಾಳು ಕಂಡರೆ ಮಾತ್ರ, ಅದೂ ಲೇಶದಷ್ಟು, ಕೈ ತಪ್ಪಿದರೆ ಅದೇ ವಿಷ ಎಂದಿದ್ದಳು. ಪೊಟ್ಟಣ ಬಿಚ್ಚಿ ಬಾನಿಯ ದಂಡೆಯ ಮೇಲಿಟ್ಟೆ. ಬಗ್ಗಿ ಬಗ್ಗಿ ನೋಡಿದೆ, ಒಂದರ ಮೈಮೇಲೂ ಬಿಳಿ ಕಾಳಿಲ್ಲ. ನನಗೆ ಯಾಕೋ ಕೈ ಬರಲಿಲ್ಲ. ಔಷಧಕ್ಕೆ ಮುಂಚೆ ನೀರನ್ನಾದರೂ ನೋಡೋಣವೆಂದು ಲ್ಯಾಕ್ಟೋಮೀಟರ್ ಬಿಟ್ಟೆ.

ದಾರ ಕಟ್ಟಿದ ಗೆರೆ ನೀರಿನಿಂದ ಎಷ್ಟೋ ಮೇಲೆದ್ದು ನಿಂತಿತು. ಮಲ್ಲಪ್ಪಣ್ಣ ನೋಡಿದ್ದರೆ ಇಂಥ ಗಟ್ಟಿ ಹಾಲು ಯಾವ ಎಮ್ಮೆಯದು ಎನ್ನುತ್ತಿದ್ದ. ನೀರು ಸಮುದ್ರಕ್ಕಿಂತ ಬಹಳ ಉಪ್ಪಾಗಿತ್ತು. ಇದು ಹೇಗಾಯಿತೆಂದು ತಿಳಿಯದೆ ಕುಳಿತಿದ್ದಾಗ ನೀಲವ್ವ ಬಂದಳು, ಕೈಯಲ್ಲಿ ಬಟ್ಟೆಯಲ್ಲಿ ಸೋಸಿದ ಒಂದು ಚರಿಗೆ ನೀರು. ನಾನು ಬೆರಳದ್ದಿ ನಾಲಿಗೆಗೆ ಇಟ್ಟೆ. ಮಿಡಿಗಾಯಿ ಹಾಕುವ ಉಪ್ಪುನೀರು.

"ಇದನ್ನ ದಿನಾ ಹಾಕಾಕ ಹತ್ತೀಯೇನತ್ತಿ?"

"ಹೂನವಾ. ನೀ ಸಾಲಿಗೆ ಹ್ವಾದ ಮ್ಯಾಲೆ ಮಧ್ಯಾಹ್ನಕ್ಕ ನೀರ ಇಳೀತಿತ್ತು. ಭರಣ್ಯಾಗ ಉಪ್ಪನೀರ ಇಳದ್ರ ಉಪ್ಪನೀರs ಹಾಕಬೇಕು. ಸಪ್ಪನ ನೀರ ಹಾಕಿದ್ರ ಕಾಯಿ ಕೆಡತಾವು. ಕುದಿಸಿ, ಆರಿಸಿ, ಸೋಸೇ ಹಾಕೇನಿ," ಎಂದು, ನನ್ನ ಮುಖ ನೋಡಿ, ಚರಿಗೆಯನ್ನು ನೆಲಕ್ಕಿಟ್ಟಳು.

ಬೈಯಬೇಕೆಂದು ಬಾಯಿಯವರೆಗೆ ಬಂದಿತ್ತು. ಆದರೆ ಲಿಂಗ ಪೂಜಿಸುವ ಕೈಯಿಂದ ಮೀನಿಗೆ ದಿನಾ ನೀರು ಕುದಿಸಿ ಆರಿಸಿದವಳನ್ನು ಏನೆಂದು ಬೈಯುವುದು? ಅವಳನ್ನು ಪಕ್ಕಕ್ಕೆ ಕೂಡಿಸಿಕೊಂಡು ಹೇಳಿದೆ: ಭರಣಿಯಲ್ಲಿ ಕಾಯಿ ಉಪ್ಪನ್ನೂ ನೀರನ್ನೂ ಹೀರುತ್ತದೆ, ಅದಕ್ಕೇ ಉಪ್ಪುನೀರು ಕಡಿಮೆಯಾಗುತ್ತದೆ. ಇಲ್ಲಿ ನೀರು ಕುಡಿಯುವುದು ಬಿಸಿಲು. ಬಿಸಿಲು ಬರಿಯ ನೀರನ್ನು ಕುಡಿದು ಉಪ್ಪನ್ನು ಬಿಟ್ಟು ಹೋಗುತ್ತದೆ. ಇಳಿದಷ್ಟು ಸಿಹಿನೀರು ಹಾಕಿದರೆ ಸರಿಹೋಗುತ್ತದೆ.

"ಅಂದ್ರ ನಾ ಹಾಕಿದ ಉಪ್ಪ ಎಲ್ಲಾ ಒಳಗs ಕುಂತೈತಿ," ಎಂದಳು. ಕಣ್ಣಲ್ಲಿ ನೀರು ಬಂತು. "ನಾನs ಕೊಂದನೇನ ಯವ್ವಾ ಅವನ್ನ?"

ಕೊಂದಿಲ್ಲ, ನಾವಿಬ್ಬರೂ ಉಳಿಸೋಣ ಎಂದೆ. ಮೈಲುತುತ್ತವನ್ನು ಕಟ್ಟಿ ಮಾಡಿನ ಸಂದಿಗೆ ಸಿಕ್ಕಿಸಿದೆ. ಆ ದಣಿದ ಮೀನುಗಳಿಗೆ ಅದನ್ನೂ ಹಾಕಿದ್ದರೆ ಅಂದೇ ಕತೆ ಮುಗಿಯುತ್ತಿತ್ತು. ಗಾಬರಿಯಲ್ಲೂ ಮೊದಲು ನೀರು ನೋಡಿದೆನಲ್ಲ, ನಾನು ಓದಿದ್ದು ಅವತ್ತು ಸಾರ್ಥಕವಾಯಿತು.

ಆದರೆ ಉಪ್ಪನ್ನು ಒಮ್ಮೆಲೇ ಇಳಿಸುವ ಹಾಗಿಲ್ಲ. ಏರಿದ್ದು ನಿಧಾನವಾಗಿ, ಇಳಿಯುವುದೂ ನಿಧಾನವಾಗಿಯೇ ಆಗಬೇಕು. ಒಂದಿಷ್ಟು ತೆಗೆದು ಒಂದಿಷ್ಟು ಸಿಹಿನೀರು, ಮತ್ತೆ ತಡೆದು ಇನ್ನೊಂದಿಷ್ಟು. ಹಗಲೆಲ್ಲ ಆ ಕೆಲಸ ನೀಲವ್ವನದೇ. ಯಾರನ್ನೂ ಹತ್ತಿರ ಬಿಡಲಿಲ್ಲ. ಲ್ಯಾಕ್ಟೋಮೀಟರ್ ನೋಡುವುದನ್ನು ಕಲಿತಳು. ಓದು ಬರದವಳು ದಾರದ ಗುರುತು ಹಿಡಿದು, ಈಗ ಇಷ್ಟು ಇಳಿಯಿತು, ಇನ್ನು ಇಷ್ಟಿದೆ ಎಂದು ನಾನು ಕಾಲೇಜಿನಿಂದ ಬರುತ್ತಲೇ ವರದಿ ಒಪ್ಪಿಸುತ್ತಿದ್ದಳು. ಕೆಲವು ದಿನಗಳಲ್ಲಿ ಮೀನುಗಳು ಒಂದೊಂದಾಗಿ ಮೇಲೆ ಬಂದವು, ಬಳೆಯ ಸದ್ದಿಗೆ ಮತ್ತೆ ತಿರುಗಿದವು. ಒಂದೂ ಸಾಯಲಿಲ್ಲ.

ಅಷ್ಟರಲ್ಲಿ ಗ್ಯಾದರಿಂಗ್ ಎದುರಿಗೆ ನಿಂತಿತ್ತು. ಪ್ರಿನ್ಸಿಪಾಲರು ನಾಳೆಯೇ ಮೀನು ತೊಟ್ಟಿಗೆ ಬೀಳಲಿ ಎಂದರು. ಮೀನುಗಳು ಈಗಷ್ಟೇ ಚೇತರಿಸಿಕೊಂಡಿವೆ, ಒಳಗೆ ರೋಗವಿಲ್ಲವೆಂದು ಇನ್ನೂ ಖಾತ್ರಿಯಾಗಿಲ್ಲ, ಆಗುವುದಿಲ್ಲ ಎಂದೆ. ಖೋಲಿ ಹೋಗುತ್ತದೆ ಎಂದರು. ಹೋಗಲಿ, ಹಂಡ್ಯಾ ಹೋಗಬಾರದು ಎಂದೆ. ಹಿರಿಯರ ಮುಂದೆ ಹಾಗೆ ಮಾತಾಡಿದ್ದು ಅದೇ ಮೊದಲು.

ಸಮಾರಂಭದ ಮುಖ್ಯ ಅತಿಥಿ ಕಟಕೋಳದ ಕಡೆಯ ಒಬ್ಬ ದೊಡ್ಡ ಒಕ್ಕಲಿಗರು, ಕಾಲೇಜಿನ ಕಟ್ಟಡಕ್ಕೆ ದೇಣಿಗೆ ಕೊಟ್ಟವರು. ತಲೆಗೆ ಬಿಳಿ ಪಟಗಾ, ದಪ್ಪ ಮೀಸೆ, ಕಡಿಮೆ ಮಾತು. ಖೋಲಿಗೆ ಬಂದು ಅಷ್ಟು ದೊಡ್ಡ ತೊಟ್ಟಿಯಲ್ಲಿ ಒಬ್ಬಂಟಿ ಹಂಡ್ಯಾನನ್ನು ನೋಡಿದರು. ಪ್ರಿನ್ಸಿಪಾಲರು ಕೆಮ್ಮಿದರು. ವಾಣಿಜ್ಯ ವಿಭಾಗದವರು ಬಾಗಿಲಲ್ಲೇ ನಿಂತಿದ್ದರು. ಮತ್ತ ಬಾಕಿ ಮೀನ ಎಲ್ಲಿ ಎಂದು ಅತಿಥಿಗಳು ಕೇಳಿದರು. ಎಲ್ಲರ ಕಣ್ಣು ನನ್ನ ಮೇಲೆ.

"ಹೊರಗ ಬೇವಿನ ಗಿಡಕ್ಕ ಕಟ್ಟೇನ್ರಿ," ಎಂದೆ.

ಅವರು ನನ್ನ ಕಡೆ ತಿರುಗಿದರು. ಮೀಸೆ ಅಲುಗಿತು. "ಬಾನಿ ಬ್ಯಾರೆ ಐತಿಲ್ಲೋ?" ಎಂದು ಕೇಳಿದರು.

"ಬ್ಯಾರೆ ಐತ್ರಿ. ಎತ್ತಿನ ಬಾನೀನ ಐತ್ರಿ."

ಅದನ್ನು ನೋಡಲೇಬೇಕೆಂದು ಹೊರಟೇಬಿಟ್ಟರು. ಹಿಂದೆ ಪ್ರಿನ್ಸಿಪಾಲರು, ಅವರ ಹಿಂದೆ ಅಧ್ಯಾಪಕರು, ಅವರ ಹಿಂದೆ ಗ್ಯಾದರಿಂಗಿಗೆ ಬಂದ ಅರ್ಧ ಊರು. ಆ ಮೆರವಣಿಗೆ ನೀಲವ್ವನ ಓಣಿಗೆ ತಿರುಗಿದ್ದನ್ನು ನೆನೆದರೆ ಈಗಲೂ ಮೈ ಜುಮ್ ಎನ್ನುತ್ತದೆ. ನೀಲವ್ವ ಸೆರಗು ತಲೆಗೆಳೆದುಕೊಂಡಳು, ಆದರೆ ಒಳಗೆ ಓಡಲಿಲ್ಲ. ಜಾಳಿಗೆ ಸರಿಸಿ, ಬಳೆ ಆಡಿಸಿ, ಮೀನುಗಳನ್ನು ಮೇಲೆ ಕರೆದಳು. ಲ್ಯಾಕ್ಟೋಮೀಟರನ್ನು ನೀರಿಗೆ ಬಿಟ್ಟು ದಾರದ ಗುರುತು ತೋರಿಸಿದಳು. ತಾನು ಮಾಡಿದ ತಪ್ಪನ್ನೂ ಮುಚ್ಚಿಡದೆ ಹೇಳಿ, ಬಿಸಿಲು ನೀರು ಕುಡಿದು ಉಪ್ಪು ಬಿಡುವುದನ್ನು ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು. ಅತಿಥಿಗಳು ಮಂಡಿಯೂರಿ ಕುಳಿತು ಪೂರ್ತಿ ಕೇಳಿದರು. ಎದ್ದು ಪ್ರಿನ್ಸಿಪಾಲರ ಕಡೆ ತಿರುಗಿದರು.

"ಮಷೀನ್ ಎಲ್ಲ್ಯಾರ ಇಡಬಹುದ್ರಿ. ಸಮುದ್ರ ಎಲ್ಲಿ ಇಡತೀರಿ?"

ಪ್ರಿನ್ಸಿಪಾಲರಿಗೆ ಕೊನೆಗೆ ಮಾತಾಡಿದವರ ಮಾತು ಸರಿ ಎನಿಸುವ ಗುಣವಿತ್ತು ಎಂದು ಹೇಳಿದೆನಲ್ಲ. ಖೋಲಿ ಉಳಿಯಿತು.

ಯುಗಾದಿಯಾದ ಮೇಲೆ, ಮೀನುಗಳಲ್ಲಿ ಯಾವ ಕುರುಹೂ ಕಾಣದೆ ಬಹಳ ದಿನ ಕಳೆದ ಮೇಲೆ, ಅವುಗಳನ್ನು ಕಾಲೇಜಿಗೆ ಒಯ್ಯುವುದೆಂದು ನಿಶ್ಚಯಿಸಿದೆ. ಆ ಬೆಳಿಗ್ಗೆ ನೀಲವ್ವ ನನ್ನನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ ಹಾಕಿ ಉಡಿ ತುಂಬಿದಳು. ನಾನು ಗಂಡನ ಮನೆಗೆ ಹೊರಟಿಲ್ಲವಲ್ಲ ಅತ್ತಿ ಎಂದೆ.

"ನಿನಗಲ್ಲವಾ. ಅವಕ್ಕ ಉಡಿ ಇಲ್ಲ, ಅದಕ್ಕ ನಿನಗ ತುಂಬೇನಿ," ಎಂದಳು.

ತೊಟ್ಟಿಯಲ್ಲೂ ಮತ್ತೆ ಬಟ್ಟಲು ಬಟ್ಟಲು ನೀರು ಬೆರೆಸಿ ಬಿಟ್ಟೆ. ಹಂಡ್ಯಾ ಮೂಲೆಯಿಂದ ಬಂದು ಒಂದೊಂದನ್ನೂ ಸುತ್ತಿ ನೋಡಿದ. ಸ್ವಲ್ಪ ಹೊತ್ತು ದೂರ ನಿಂತ. ಆಮೇಲೆ ಹಳದಿ ಪಟ್ಟೆಗಳ ನಡುವೆ ಅವನ ಕರಿ ಮಚ್ಚೆ ಆ ಕಡೆ ಈ ಕಡೆ ಓಡಾಡತೊಡಗಿತು. ನೀಲವ್ವ ಗಾಜಿಗೆ ಹಣೆ ಹಚ್ಚಿ ನಿಂತಿದ್ದಳು. ನಾನು ಆ ಊರು ಬಿಡುವವರೆಗೆ ಆ ತೊಟ್ಟಿ ಒಂದು ದಿನವೂ ಬರಿದಾಗಲಿಲ್ಲ. ಆಮೇಲೆ ಎಷ್ಟು ಸಲ ಮೀನು ಬಂದರೂ ಮೊದಲು ಇಳಿದದ್ದು ನೀಲವ್ವನ ಪಡಸಾಲೆಯಲ್ಲಿ. ಮಳೆಗಾಲದ ಮುಂಚೆ ಅಪ್ಪ ಹೊಸ ಎತ್ತು ಕೊಂಡು ಬಾನಿ ಕೇಳಲು ಬಂದಿದ್ದ. ಇಲ್ಲಿ ಹೊಸ ಮೀನು ಬರುವವಿವೆ ಎಂದು ಅವನಿಗೆ ಚಹಾ ಕುಡಿಸಿ ಕಳಿಸಿದಳು. ಅವನು ಎತ್ತಿಗೆ ಬೇರೆ ಬಾನಿ ಮಾಡಿಸಿದ.

ನಿಶ್ಚಯದ ಊಟ ಮುಗಿದ ಮೇಲೆ, ಹೋಳಿಗೆಯ ಸಿಟ್ಟಿನ್ನೂ ಇಳಿಯದ ನಾನು, ಯಾರಿಗೂ ಹೇಳದೆ ಆ ಓಣಿ ಹುಡುಕುತ್ತ ಹೊರಟೆ. ನೀಲವ್ವ ಹೋಗಿ ಎಷ್ಟೋ ವರ್ಷವಾಗಿರುವುದು ನನಗೆ ಗೊತ್ತಿತ್ತು. ಊರು ಗುರುತು ಹತ್ತದಷ್ಟು ಬೆಳೆದಿತ್ತು. ಕಿರಾಣಿ ಅಂಗಡಿಯಲ್ಲಿ ಕುಳಿತವನನ್ನು ನೀಲವ್ವನವರ ಮನೆ ಎಲ್ಲಿ ಎಂದು ಕೇಳಿದೆ. ಆ ಹೆಸರು ಅವನಿಗೆ ತಿಳಿಯಲಿಲ್ಲ. ಅವರ ಅಡ್ಡಹೆಸರು ಹೇಳಿದೆ, ಅದೂ ಗೊತ್ತಿಲ್ಲವೆಂದ. ಪಡಸಾಲೆಯಲ್ಲಿ ಒಂದು ದೊಡ್ಡ ಕಲ್ಲಿನ ಬಾನಿ ಇತ್ತು ಎಂದೆ.

"ಹಂಗನ್ರಿ ಮತ್ತ. ಸಮುದ್ರದವರ ಮನಿ ಕೇಳಾಕ ಹತ್ತೀರಿ," ಎಂದು ಕೈ ತೋರಿಸಿದ.

ನಮ್ಮ ಕಡೆ ಅಡ್ಡಹೆಸರು ಹೀಗೆಯೇ ಅಂಟುತ್ತವೆ. ಉಪ್ಪು ಮಾರಿದವರು ಉಪ್ಪಿನವರಾಗುತ್ತಾರೆ, ಹಿಟ್ಟು ಬೀಸಿದವರು ಹಿಟ್ಟಿನವರಾಗುತ್ತಾರೆ. ಆದರೂ ಅವನು ತೋರಿಸಿದ ಮನೆಯ ಬಾಗಿಲಿನ ಫಲಕದಲ್ಲಿ ಯಾರದೋ ಹೊಸ ಹೆಸರಿನ ಮುಂದೆ 'ಸಮುದ್ರದ' ಎಂದು ಬಣ್ಣದಲ್ಲಿ ಬರೆದದ್ದನ್ನು ನಾನು ಎರಡೆರಡು ಸಲ ಓದಿದೆ. ಬಾನಿ ಅದೇ ಮೂಲೆಯಲ್ಲಿತ್ತು, ಓಣಿಯ ದನಕ್ಕೆಂದು ತುಂಬಿಸಿದ ಸಿಹಿನೀರು. ಒಳಗಿನಿಂದ ಒಬ್ಬ ಸೊಸೆ ಬಂದು, ಯಾರು ಬೇಕಾಗಿತ್ತು ಅಜ್ಜಿ, ನೀವು ಯಾರು ಎಂದು ಕೇಳಿದಳು.

ನಾನು ಫಲಕದ ಕಡೆ ಕೈ ತೋರಿಸಿದೆ.

"ಈ ಹೆಸರ ನಿಮಗ ಕಾರವಾರದಿಂದ ತಂದಾಕಿ ನಾನ ನೋಡವಾ," ಎಂದೆ.